ಟ್ಯಾಂಕ್ ಕವರಿನಲ್ಲಿದ್ದ ಐನೂರು ರೂಪಾಯಿ

ಹೋದ ವಾರ ಮನೆಯ ಹೀಟರ್ ಕೆಟ್ಟಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಈ ಚಳಿಯಲ್ಲಿ ಅದಿಲ್ಲದೆ ಒಂದು ರಾತ್ರಿ ಕಳೆಯುವುದೂ ಕಷ್ಟ. ರಿಪೇರಿಗೆ ಬಂದವನು ಪಕ್ಕದ ಮನೆ ಅಜ್ಜಿಯ ಮೊಮ್ಮಗ. ಅವನಪ್ಪ ಡಾಕ್ಟರು. ಇವನು ಮಾತ್ರ ಶಾಲೆ ಮುಗಿಸಿದವನೇ ಹೀಟಿಂಗ್ ಕೆಲಸ ಕಲಿಯಲು ಸೇರಿದ. ಮೂರೂವರೆ ವರ್ಷದ ತರಬೇತಿ, ಕಲಿಯುವಾಗಲೇ ಸಂಬಳ. ಮುಂದೆ ಮೈಸ್ಟರ್, ಅಂದರೆ ಕಸುಬಿನಲ್ಲಿ ಪರಿಣತನೆಂಬ ಪರೀಕ್ಷೆ ಪಾಸಾದರೆ ಈ ದೇಶದ ಲೆಕ್ಕದಲ್ಲಿ ಅದು ಬ್ಯಾಚುಲರ್ ಪದವಿಗೆ ಸಮ. ಇದನ್ನು ಹೇಳುವಾಗ ಅಜ್ಜಿಯ ಮುಖ ಅರಳಿತ್ತು.

ಅವನು ಹೋದ ಮೇಲೆ ಮಗಳು ಕೇಳಿದಳು: "ಅಪ್ಪ, ನಮ್ಮನೇಲಿ ಚಿಕ್ಕಪ್ಪಾನೇ ಎಲ್ಲರಿಗಿಂತ ಜಾಸ್ತಿ ಓದಿರೋದು ಅಲ್ವಾ? ಮತ್ತೆ ತಾತ ಯಾಕೆ ಇನ್ನೂ ಅವರಿಗೆ ದುಡ್ಡು ಕೊಡ್ತಾರೆ?"

ಬೇಸಿಗೆ ರಜೆಗೆ ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಗೆ ಹೋದಾಗ ಅವಳು ನೋಡಿಬಿಟ್ಟಿದ್ದಳು. ಸೋಮವಾರ ಬೆಳಕು ಹರಿಯುವ ಮುಂಚೆ ಅಪ್ಪ ನನ್ನ ತಮ್ಮನ ಬೈಕಿನ ಹತ್ತಿರ ಹೋಗಿ, ಟ್ಯಾಂಕ್ ಕವರಿನ ಜಿಪ್ಪನ್ನು ಸದ್ದಾಗದಂತೆ ಎಳೆದು, ನಾಲ್ಕಾಗಿ ಮಡಚಿದ ಐನೂರರ ನೋಟು ಇಡುತ್ತಾರೆ. ಕೈಗೆ ಕೊಟ್ಟರೆ ಮಗನಿಗೆ ನಾಚಿಕೆ.

ಪಿಯುಸಿ ಆದಮೇಲೆ ನಾನು ಓದಿದ್ದು ನಾಲ್ಕೇ ವರ್ಷ, ಇಂಜಿನಿಯರಿಂಗ್. ಅದಕ್ಕೆ ಅಪ್ಪ ವಿಸಿ ನಾಲೆಯ ನೀರು ಹರಿಯುವ ಇಪ್ಪತ್ತು ಗುಂಟೆ ಕಬ್ಬಿನ ಗದ್ದೆ ಮಾರಿದರು. ತಮ್ಮ ಹನ್ನೊಂದು ವರ್ಷ ಓದಿದ. ಬಿಎ, ಮಾನಸಗಂಗೋತ್ರಿಯಲ್ಲಿ ಇತಿಹಾಸದಲ್ಲಿ ಎಂಎ, ಆಮೇಲೆ ಪಿಎಚ್‌ಡಿ. ಹಳೆಗನ್ನಡದ ಶಾಸನವನ್ನು ಕಲ್ಲಿನ ಮೇಲೆ ಬೆರಳಾಡಿಸಿಕೊಂಡೇ ಓದುತ್ತಾನೆ. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಪ್ರಕಾರ ಮೂಲವೇತನವೇ 57,700ರಿಂದ ಶುರು. ಅದೇ ಪಾಠ ಮಾಡುವ ಇವನಿಗೆ ಅದರ ಹತ್ತಿರಕ್ಕೂ ಬಾರದ ಗೌರವಧನ. ಅದೂ ತಿಂಗಳುಗಟ್ಟಲೆ ತಡ. ರಜೆ ಬಂತೆಂದರೆ ಅದೂ ಇಲ್ಲ.

ಓದಿದರೆ ಗಳಿಕೆ ಹೆಚ್ಚುತ್ತದೆ ಎಂಬುದು ಸುಳ್ಳಲ್ಲ. ಜರ್ಮನಿಯಲ್ಲೂ ಸರಾಸರಿ ತೆಗೆದರೆ ಪದವೀಧರರ ಸಂಬಳವೇ ಮೇಲು. ಆದರೆ ದೆಹಲಿಯ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಡೆವಲಪ್‌ಮೆಂಟ್, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಜೊತೆಗೂಡಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿ ನೋಡಿ: 2022ರಲ್ಲಿ ಪದವೀಧರ ಯುವಜನರ ನಿರುದ್ಯೋಗ ಶೇ 29.1, ಓದು ಬರಹ ಬಾರದವರದು ಶೇ 3.4. ಏನೂ ಓದದವನು ಸಿಕ್ಕಿದ ಕೂಲಿಗೆ ಹೋಗಲೇಬೇಕು, ಕೂತು ಉಣ್ಣುವಷ್ಟು ಅವನ ಬಳಿ ಇರುವುದಿಲ್ಲ. ಓದಿದವನು ಕಾಯುತ್ತಾನೆ, ಅವನ ಜೊತೆ ಮನೆಯೆಲ್ಲ ಕಾಯುತ್ತದೆ. ನಮ್ಮ ಕಡೆ ಐಟಿಐಗೆ ಸೇರಿದ ಹುಡುಗನನ್ನು "ಓದು ಹತ್ತಲಿಲ್ಲ" ಎಂದು ಬದಿಗಿಡುತ್ತೇವೆ, ಓದು ಹತ್ತಿದವನಿಗೆ ತಕ್ಕ ಕೂಲಿಯನ್ನೂ ಕೊಡುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಮಗಳಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಚಿಕ್ಕಪ್ಪ ತುಂಬ ಒಳ್ಳೆಯ ಮೇಷ್ಟ್ರು ಎಂದೆ. "ಗೊತ್ತು" ಅಂದಳು. ಶ್ರೀರಂಗಪಟ್ಟಣದ ಕೋಟೆಯಲ್ಲಿ ಅವನು ಹೇಳಿದ ಕತೆ ಅವಳಿಗೆ ಇನ್ನೂ ಬಾಯಿಪಾಠ.

ಭಾನುವಾರ ಅಪ್ಪನಿಗೆ ಫೋನು ಮಾಡಿ, ಇನ್ನು ಆ ಪೆಟ್ರೋಲಿನ ದುಡ್ಡು ನಾನೇ ಕಳಿಸುತ್ತೇನೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಬ್ಯಾಡ ಕಣ್ಲಾ. ನಾನು ಬೆಳಿಗ್ಗೆ ದುಡ್ಡು ಮಡಗ್ತೀನಿ. ಅವ್ನು ಸಂಜೀಕೆ ನನ್ ಬೀಪಿ ಮಾತ್ರೆ ತಂದು ಗೂಡಲ್ಲಿ ಮಡಗ್ತಾನೆ. ಇಬ್ರೂ ಏನೂ ಮಾತಾಡಕಿಲ್ಲ. ನೀನೂ ಕೇಳಕ್ಕೋಗ್ಬ್ಯಾಡ."