ಬಣ್ಣ ಹೋಯಿತು, ಸಿಒಡಿ ಏರಿತು

ನಾನು ಒಂದು ಡೈಯಿಂಗ್ ಯೂನಿಟ್‌ನ ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುತ್ತೇನೆ. ಹತ್ತಿ ಬಟ್ಟೆ, ನಾರಿನ ಜೊತೆಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಡೈ. ಬಟ್ಟೆ ಹಿಡಿಯದೆ ಬಿಟ್ಟ ಬಣ್ಣವೆಲ್ಲ ನಮ್ಮ ಟ್ಯಾಂಕಿಗೆ ಬರುತ್ತದೆ. ಅದನ್ನು ಒಡೆಯಲು ಯುವಿ ದೀಪ ಕೂರಿಸಿ, ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಡಲು ಶುರು ಮಾಡಿದೆವು. 254 ನ್ಯಾನೋಮೀಟರ್ ಬೆಳಕಿಗೆ ಪೆರಾಕ್ಸೈಡ್ ಒಡೆದು, ಸಿಕ್ಕಿದ್ದರ ಜೊತೆ ತಕ್ಷಣ ಪ್ರತಿಕ್ರಿಯಿಸುವ ಚೂರಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಬಣ್ಣದ ಅಣುವನ್ನು ಕತ್ತರಿಸುವುದು ಅದೇ.

ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್‌ಗೆ ಕಪ್ಪು ಡೈ ಹಾಕಿ ನೋಡಿದಾಗ ಅರ್ಧ ಗಂಟೆಯೊಳಗೆ ತಿಳಿಯಾಗಿತ್ತು. ಪ್ಲಾಂಟಿನಲ್ಲಿ ಎರಡು ಗಂಟೆ ಓಡಿಸಿದರೂ ನೀರು ನೇರಳೆಯಾಗೇ ಇತ್ತು. ನಾನು ಪೆರಾಕ್ಸೈಡ್ ಜಾಸ್ತಿ ಮಾಡಿದೆ. ಬಣ್ಣ ಇಳಿಯುವುದು ಇನ್ನೂ ನಿಧಾನವಾಯಿತು! ಮರುದಿನದ ಹೊತ್ತಿಗೆ ಹೇಗೋ ತಿಳಿಯಾದ ನೀರನ್ನು ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ಸುಡಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ) ಟೆಸ್ಟ್‌ಗೆ ಕೊಟ್ಟರೆ, ಒಳಗೆ ಹೋದ ನೀರಿಗಿಂತ ಹೊರಗೆ ಬಂದ ನೀರಿನ ಅಂಕಿಯೇ ದೊಡ್ಡದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ಒಂದಲ್ಲ. ಪೆರಾಕ್ಸೈಡ್ ಮಿತಿ ಮೀರಿದರೆ ರ‍್ಯಾಡಿಕಲ್ ಡೈಯನ್ನು ಬಿಟ್ಟು ಪೆರಾಕ್ಸೈಡನ್ನೇ ತಿನ್ನುತ್ತದೆ. ಆಮೇಲೂ ಉಳಿದ ಪೆರಾಕ್ಸೈಡ್, ಸಿಒಡಿ ಟೆಸ್ಟಿನಲ್ಲಿ ಕೊಳೆ ಸುಡಲು ಹಾಕುವ ಡೈಕ್ರೋಮೇಟ್ ಜೊತೆ ಸೇರಿ, ಒಂದು ಮಿಲಿಗ್ರಾಂಗೆ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಸುಳ್ಳು ಸಿಒಡಿ ತೋರಿಸುತ್ತದೆ. ಇನ್ನು ಸೋಡಾ ಆಶ್. ಡೈ ಹಿಡಿಯಲಿ ಅಂತ ನಾವೇ ಹಾಕುವ ವಸ್ತು ಅಲ್ವಾ, ಅದರ ಕಾರ್ಬೊನೇಟ್ ರ‍್ಯಾಡಿಕಲ್ಲನ್ನು ದಾರಿಯಲ್ಲೇ ನುಂಗುತ್ತದೆ. ನನ್ನ ಬೀಕರಿನಲ್ಲಿ ಸೋಡಾ ಇರಲೇ ಇಲ್ಲ. ಜೊತೆಗೆ ಕಡುಕಪ್ಪು ನೀರಿನಲ್ಲಿ ಯುವಿ ಬೆಳಕು ದೀಪದ ಪಕ್ಕದಲ್ಲೇ ಮುಗಿದುಹೋಗುತ್ತದೆ, ಟ್ಯಾಂಕಿನ ಆಚೆ ಬದಿಗೆ ತಲುಪುವುದೇ ಇಲ್ಲ.

ಈಗ ನೀರನ್ನು ಮೊದಲು ಆಸಿಡ್‌ನಿಂದ ನ್ಯೂಟ್ರಲ್ ಮಾಡಿ, ಬ್ಯಾಕ್ಟೀರಿಯಾ ಟ್ಯಾಂಕ್ ದಾಟಿಸಿ, ಹೂಳು ಇಳಿಸಿದ ಮೇಲೆ ಮತ್ತೆ ಪಿಎಚ್ 6ಕ್ಕೆ ತಂದು ಗಾಳಿ ಊದುತ್ತೇವೆ. ಕಾರ್ಬೊನೇಟ್ ಬಹುಪಾಲು ಗ್ಯಾಸ್ ಆಗಿ ಹೋಗುತ್ತದೆ. ಆಮೇಲಷ್ಟೇ ಯುವಿ. ಡೋಸ್ ಎಷ್ಟು ಅಂತ ಪ್ರತಿ ಶೇಡಿಗೂ ನಮ್ಮದೇ ನೀರಿನಲ್ಲಿ ಜಾರ್ ಟೆಸ್ಟ್, ಅಂದರೆ ಪಾತ್ರೆಯಲ್ಲಿ ಸಣ್ಣ ಪ್ರಯೋಗ, ಮಾಡಿ ನೋಡುತ್ತೇವೆ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅಲ್ಲ. ದೀಪದ ಸುತ್ತಲಿನ ಪಾರದರ್ಶಕ ಕೊಳವೆ, ಅಂದರೆ ಕ್ವಾರ್ಟ್ಜ್ ಸ್ಲೀವ್ ಮೇಲೆ ಬಿಳಿ ಪದರ ಕೂತರೆ ಬೆಳಕು ಅಲ್ಲೇ ನಿಲ್ಲುತ್ತದೆ, ಅದಕ್ಕೆ ವಾರಕ್ಕೊಮ್ಮೆ ಒರೆಸುತ್ತೇವೆ.

ನೈಟ್ರೋಜನ್ ಜೋಡಿಯ ಕೊಂಡಿಯಿರುವ ಅಜೋ ಡೈ ಕತ್ತರಿಸಿದಾಗ ಕೆಲವು ಸಲ ವಿಷದ ಅಮೈನ್‌ಗಳು ಉಳಿಯುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಕೆಳಗಿನ ಊರಿನವರು ಆ ನೀರನ್ನೇ ಹೊಲಕ್ಕೆ ಬಿಡುತ್ತಾರೆ. ಹಾಗಾಗಿ ನೀರು ತಿಳಿಯಾಯಿತು ಅಂತ ನಾನು ವಾಲ್ವ್ ತೆರೆಯುವುದಿಲ್ಲ. ಮೊದಲು ಸ್ಟ್ರಿಪ್ ಅದ್ದಿ ಪೆರಾಕ್ಸೈಡ್ ಉಳಿದಿದೆಯಾ ನೋಡುತ್ತೇನೆ, ಇದ್ದರೆ ಸ್ಯಾಂಪಲ್‌ಗೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಎಂಬ ಕಿಣ್ವ ಹಾಕಿ, ಪೆರಾಕ್ಸೈಡ್ ಖಾಲಿಯಾದ ಮೇಲೆಯೇ ಸಿಒಡಿಗೆ ಕಳಿಸುತ್ತೇನೆ.