ಪ್ರಿನ್ಸ್ ರೂಪರ್ಟ್‌ನಲ್ಲಿ ಗೋಡೆಗೆ ತಟ್ಟಿ ಕಟ್ಟಿದ ಕಥೆ

ಇಲ್ಲಿ ಮನೆ ಕೊಳ್ಳುವ ಮೊದಲು ಇನ್‌ಸ್ಪೆಕ್ಷನ್ ಮಾಡಿಸುತ್ತಾರೆ. ನಾವೂ ಮಾಡಿಸಿದ್ದೆವು. ನಲವತ್ತು ಪುಟದ ರಿಪೋರ್ಟ್‌ನಲ್ಲಿ ಎಲ್ಲೋ ಮಧ್ಯದಲ್ಲಿ ಒಂದು ಸಾಲು ಇತ್ತು: ಆಗ್ನೇಯ ದಿಕ್ಕಿನ ಗೋಡೆ ಮೇಲೆ ಕಣ್ಣಿಟ್ಟಿರಿ. ನಾವು ಎರಡು ವರ್ಷ ಕಣ್ಣಿಟ್ಟೆವು. ಅಂದರೆ ಚಹಾ ಕುಡಿಯುತ್ತಾ ಆಗಾಗ ಅದನ್ನು ನೋಡಿದೆವು, ಅಷ್ಟೇ.

ಮೂರನೇ ವರ್ಷ ಮಲಗುವ ಕೋಣೆಯ ಕಿಟಕಿ ಕೆಳಗೆ ಬಣ್ಣ ಉಬ್ಬಿತು. ಹೊರಗೆ ಹೋಗಿ ಗೋಡೆಗೆ ಹೊದೆಸಿದ್ದ ಪ್ಲಾಸ್ಟಿಕ್ ಹಲಗೆ ಎರಡು ಸಾಲು ಬಿಡಿಸಿದೆ. ಒಳಗಿನ, ನೀರು ತಡೆಯಬೇಕಾದ ಕಪ್ಪು ಕಾಗದ ಕೈಗೆ ಚೂರು ಚೂರಾಗಿ ಬಂತು. ಅದರ ಹಿಂದೆ ಇರಬೇಕಾಗಿದ್ದು ಓಎಸ್‌ಬಿ ಹಲಗೆ, ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಬೆರಳಿಂದ ಒತ್ತಿದರೆ ನೀರಲ್ಲಿ ಹತ್ತು ನಿಮಿಷ ಬಿಟ್ಟ ಗಟ್ಟಿ ಅವಲಕ್ಕಿ. ಒಂದು ಹಿಡಿ ತೆಗೆದು ಹಿಂಡಿದೆ. ನೀರು ಬಂತು. ಮೂರು ದಿನದಿಂದ ಮಳೆ ಇರಲಿಲ್ಲ, ಅದು ಈ ಊರಲ್ಲಿ ಸಣ್ಣ ದಾಖಲೆ, ಆದರೂ ನೀರು ಬಂತು. ಅಣಬೆ ಬೆಳೆದ ಕಟ್ಟಿಗೆ ರಾಶಿಯ ವಾಸನೆ.

ಊರಿನ ಬಗ್ಗೆ ಒಂದೆರಡು ಮಾತು. ಪ್ರಿನ್ಸ್ ರೂಪರ್ಟ್ ಇರುವುದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ಅಲಾಸ್ಕಾ ಗಡಿಗೆ ಹತ್ತಿರ, ಕೇಯನ್ ಅನ್ನೋ ದ್ವೀಪದ ಮೇಲೆ. ಸಣ್ಣ ಊರು, ದೊಡ್ಡ ಬಂದರು. ನಾನು ಇಲ್ಲಿಗೆ ಬಂದಿದ್ದೂ ಬಂದರಿನ ಕೆಲಸಕ್ಕೇ. ವರ್ಷಕ್ಕೆ ಸುಮಾರು 2,600 ಮಿಲಿಮೀಟರ್ ಮಳೆ, ಕೆನಡಾದಲ್ಲೇ ಅತಿ ಒದ್ದೆಯಾದ ಊರುಗಳಲ್ಲಿ ಒಂದು. ಈ ಅಂಕಿ ಕೇಳಿ ನಾನು ಬರುವ ಮೊದಲು ನಕ್ಕಿದ್ದೆ. ನಾನು ಶಿರಸಿ ಕಡೆಯವನು. ನಮ್ಮಲ್ಲೂ ಹೆಚ್ಚು ಕಡಿಮೆ ಅಷ್ಟೇ ಬೀಳುತ್ತದೆ, ನಮಗೆ ಯಾರ ಮಳೆ ಹೆದರಿಕೆ?

ಲೆಕ್ಕ ತಪ್ಪಿದ್ದು ಇಲ್ಲೇ. ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಹುಯ್ದು ಮುಗಿಯುತ್ತದೆ. ಆಮೇಲೆ ಎಂಟು ತಿಂಗಳು ಬಿಸಿಲು. ಪಾಚಿ ಕಟ್ಟಿದ ಗೋಡೆ ದೀಪಾವಳಿ ಹೊತ್ತಿಗೆ ಗರಿಗರಿ. ಇಲ್ಲಿ ಮಳೆ ಹನ್ನೆರಡು ತಿಂಗಳೂ ಇದೆ, ಅಕ್ಟೋಬರ್‌ನಲ್ಲಿ ಇನ್ನೂ ಜಾಸ್ತಿ. ಜುಲೈ ಮಧ್ಯಾಹ್ನ ಕೂಡ 16-17 ಡಿಗ್ರಿ. ಬಿಸಿಲು ಬಂದರೆ ಜನ ಕೆಲಸ ಬಿಟ್ಟು ಹೊರಗೆ ನಿಲ್ಲುತ್ತಾರೆ. ಒಮ್ಮೆ ನೆಂದ ಮರ ಇಲ್ಲಿ ತಾನಾಗಿ ಒಣಗುವ ಮಾತೇ ಇಲ್ಲ.

ಅದೂ ಅಲ್ಲದೆ ಇಲ್ಲಿ ಮನೆ ಅಂದರೆ ಮರದ ಚೌಕಟ್ಟು. ಕೆಂಪುಕಲ್ಲಿನ ಗೋಡೆ ನೆಂದರೆ ಬೂಷ್ಟು ಬರುತ್ತದೆ, ಒಂದು ಸುತ್ತು ಸುಣ್ಣ ಬಳಿದರೆ ಆಯಿತು. ಇಲ್ಲಿ ಒಳಗಡೆಯಿಂದ ಜಿಪ್ಸಮ್ ಹಲಗೆ, ಅದರ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ, ಆಮೇಲೆ ಗಾಜಿನ ಉಣ್ಣೆ ತುಂಬಿದ ಮರದ ಕಂಬಗಳು, ಓಎಸ್‌ಬಿ, ಕಾಗದ, ಕೊನೆಗೆ ಮಳೆಗೆ ಮೈಯೊಡ್ಡುವ ಸೈಡಿಂಗ್. ಆ ಪ್ಲಾಸ್ಟಿಕ್ ಹಾಳೆ ಇರುವುದು ಮನೆಯೊಳಗಿನ ಆವಿ ಗೋಡೆಗೆ ನುಗ್ಗದಿರಲಿ ಅಂತ. ಸರಿ, ಆದರೆ ಹೊರಗಿಂದ ನೀರು ನುಗ್ಗಿದರೆ ಅದು ಒಳಮುಖವಾಗಿ ಒಣಗುವುದಕ್ಕೂ ಅದೇ ಹಾಳೆ ಅಡ್ಡ. ಹೊರಕ್ಕೇ ಒಣಗಬೇಕು. ಹೊರಗೆ ಸೈಡಿಂಗ್ ಕಾಗದಕ್ಕೆ ಅಂಟಿಕೊಂಡು ಕೂತಿದ್ದರೆ? ಅವಲಕ್ಕಿ.

ಇದು ನನ್ನೊಬ್ಬನ ಗೋಳು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದೇ ಪ್ರಾಂತ್ಯದಲ್ಲಿ, ಬ್ರಿಟಿಷ್ ಕೊಲಂಬಿಯಾದಲ್ಲಿ, ಇದರಿಂದ ಸಾವಿರಾರು ಕುಟುಂಬ ಮುಳುಗಿವೆ ಅಂತ. 1980, 90ರ ದಶಕದಲ್ಲಿ ವ್ಯಾಂಕೂವರ್ ಸುತ್ತಮುತ್ತ ಒಂದು ಫ್ಯಾಶನ್ ಬಂತು. ಕ್ಯಾಲಿಫೋರ್ನಿಯಾ ಥರದ ಸ್ಟಕೋ ಗೋಡೆ, ಅಂದರೆ ಹೊರಗೆ ಗಾರೆ ಬಳಿದದ್ದು, ಮುಂದೆ ಚಾಚಿದ ಸೂರೇ ಇಲ್ಲದ ಚಂದದ ಕಟ್ಟಡ. ಬಿಸಿಲೂರಿನ ಮನೆ ತಂದು ಮಳೆಯೂರಲ್ಲಿ ನೆಟ್ಟರು. ಕಿಟಕಿ, ಬಾಲ್ಕನಿ ಸಂದುಗಳಿಂದ ಒಳಗೆ ಹೋದ ನೀರು ಒಳಗೇ ಉಳಿಯಿತು. ಗೋಡೆಗಳು ಕೊಳೆತವು. ಇಲ್ಲಿನವರು ಇದನ್ನು ಲೀಕಿ ಕಾಂಡೋ, ಅಂದರೆ ಸೋರುವ ಫ್ಲ್ಯಾಟು, ಅಂತ ಈಗಲೂ ಒಂದು ಥರ ತಗ್ಗಿದ ದನಿಯಲ್ಲಿ ಹೇಳುತ್ತಾರೆ. 1998ರಲ್ಲಿ ಪ್ರಾಂತ್ಯದ ಮಾಜಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡೇವ್ ಬ್ಯಾರೆಟ್ ನೇತೃತ್ವದಲ್ಲಿ ವಿಚಾರಣಾ ಆಯೋಗ ಕೂತಿತು. ಹೊಸ ಮನೆಗಳಿಗೆ ವಾರಂಟಿ ಕಡ್ಡಾಯವಾಯಿತು: ಕೆಲಸ ಮತ್ತು ಸಾಮಾನಿಗೆ 2 ವರ್ಷ, ನೀರು ತಡೆಯುವ ಹೊರಕವಚಕ್ಕೆ 5, ಚೌಕಟ್ಟಿಗೆ 10. ಕರಾವಳಿಯ ಹೊಸ ಮನೆಗಳಲ್ಲಿ ಸೈಡಿಂಗ್ ಹಿಂದೆ ಖಾಲಿ ಸಂದು ಬಿಡಬೇಕು, 10 ಮಿಲಿಮೀಟರ್‌ಗೆ ಕಡಿಮೆ ಇರಬಾರದು ಅನ್ನೋ ನಿಯಮವೂ ಬಂತು. ಇದಕ್ಕೆ ರೇನ್‌ಸ್ಕ್ರೀನ್ ಅನ್ನುತ್ತಾರೆ. ನಮ್ಮ ಮನೆ ಕಟ್ಟಿದ್ದು 1986ರಲ್ಲಿ. ಸಂದಿಲ್ಲ.

ಇದನ್ನೆಲ್ಲ ಒಂದು ಭಾನುವಾರ ವೀಡಿಯೋ ಕಾಲ್‌ನಲ್ಲಿ ಆಯಿಗೆ ವಿವರಿಸುತ್ತಿದ್ದೆ. ಹೊರಗೊಂದು ಪದರ, ಅದರ ಹಿಂದೆ ಗಾಳಿಯಾಡಲು ಜಾಗ, ಇರಚಲು ಹೊಡೆದರೆ ಹೊರಗಿನ ಪದರ ತಡೆಯುತ್ತದೆ, ಸ್ವಲ್ಪ ದಾಟಿ ಬಂದಿದ್ದು ಸಂದಿನಲ್ಲೇ ಇಳಿದು ಕೆಳಗೆ ಹೋಗುತ್ತದೆ, ಗೋಡೆ ಮುಟ್ಟುವುದಿಲ್ಲ. ಆಯಿ ಕವಳ ಹಾಕುತ್ತಾ ಕೇಳಿಸಿಕೊಂಡಳು. "ಅದೇನು ಹೊಸಾದಾ ತಮಾ? ನಮ್ಮನೆ ಸೋಗೆ ತಟ್ಟಿನೂ ಹಂಗೇ ಅಲ್ದಾ?" ಅಂದಳು.

ಹೌದಲ್ವಾ! ಮೇ ಕೊನೆಗೆ ಅಪ್ಪ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ. ಗೋಡೆಗೆ ತಾಗಿಸಿ ಕಟ್ಟುತ್ತಿರಲಿಲ್ಲ. ಬಿದಿರ ಗಳಕ್ಕೆ ಕಟ್ಟಿ ಗೇಣು ದೂರ ನಿಲ್ಲಿಸುತ್ತಿದ್ದ. ತಾಗಿದರೆ ಗೋಡೆ ನೀರು ಕುಡಿಯುತ್ತದೆ ಅಂತ ಬೈಯುತ್ತಿದ್ದ. ನಾನು ಅದನ್ನು ಬೆಕ್ಕು ಮರಿ ಹಾಕುವ ಜಾಗ ಅಂತ ಮಾತ್ರ ನೆನಪಿಟ್ಟುಕೊಂಡಿದ್ದೆ.

ಇನ್ನು ಯಾವ ಸೈಡಿಂಗ್ ಅನ್ನೋ ಪ್ರಶ್ನೆ. ಮೊದಲು ಬಂದ ಒಬ್ಬ ಗುತ್ತಿಗೆದಾರ ಹಳೆಯದರ ಮೇಲೇ ಹೊಸದು ಹೊಡೆಯೋಣ, ನಾಲ್ಕು ದಿನದ ಕೆಲಸ ಅಂದ. ಹುಣ್ಣಿನ ಮೇಲೆ ರೇಷ್ಮೆ ಶಾಲು. ಅವನಿಗೆ ಕಾಫಿ ಕೊಟ್ಟು ಕಳಿಸಿದೆವು.

ವಿನೈಲ್, ಅಂದರೆ ಪ್ಲಾಸ್ಟಿಕ್ ಹಲಗೆ, ಎಲ್ಲಕ್ಕಿಂತ ಅಗ್ಗ, ಬಣ್ಣ ಬಳಿಯುವ ರಗಳೆ ಇಲ್ಲ, ಕೊಳೆಯುವುದೂ ಇಲ್ಲ. ನಮ್ಮ ಮನೆಯಲ್ಲಿ ಇದ್ದಿದ್ದೂ ಅದೇ. ನಿಜ ಹೇಳಬೇಕೆಂದರೆ ತಪ್ಪು ಅದರದ್ದಲ್ಲ, ಅದರ ಹಿಂದಿನ ಕೆಲಸದ್ದು. ಆದರೂ ಇಲ್ಲಿನ ಬಿರುಗಾಳಿಗೆ ಅದು ರಾತ್ರಿಯಿಡೀ ಪಟಪಟ ಅನ್ನುತ್ತದೆ, ಮನಸ್ಸು ಬರಲಿಲ್ಲ. ತಗಡು ನೋಡಿದೆ. ಸಮುದ್ರಕ್ಕೆ ಇಷ್ಟು ಹತ್ತಿರ ಇದ್ದರೆ ತುಕ್ಕಿಗೆ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಇತ್ತು. ಬಿಟ್ಟೆ.

ನನ್ನ ಆಸೆ ಇದ್ದಿದ್ದು ಸೀಡರ್ ಮೇಲೆ. ಈ ಕಾಡಿನ ಮರ. ಕೊಳೆಯದ ಗುಣ ಅದರ ತಿರುಳಲ್ಲೇ ಇದೆ. ಈ ಕರಾವಳಿಯ ಮೂಲ ನಿವಾಸಿಗಳಾದ ಸಿಮ್‌ಶಿಯನ್ ಜನ ಶತಮಾನಗಳಿಂದ ಇದೇ ಮರದ ಹಲಗೆಯಲ್ಲಿ ಮನೆ ಕಟ್ಟಿದವರು. ಕೊಯ್ದಾಗ ಬರುವ ಪರಿಮಳಕ್ಕೇ ದುಡ್ಡು ಕೊಡಬಹುದು. ಆದರೆ ಆರೂ ಮುಖಕ್ಕೆ, ಅಂದರೆ ಹಿಂಬದಿಗೂ ತುದಿಗೂ ಬಣ್ಣ ಕೊಟ್ಟು ಹೊಡೆಯಬೇಕು. ಸ್ಟೇನ್‌ಲೆಸ್ ಮೊಳೆಯೇ ಬೇಕು, ಮಾಮೂಲಿ ಕಬ್ಬಿಣದ ಮೊಳೆ ಹೊಡೆದರೆ ಮರದ ಒಗರು ಕಬ್ಬಿಣಕ್ಕೆ ತಾಗಿ ಗೋಡೆ ತುಂಬ ಕಪ್ಪು ಕಣ್ಣೀರು. ಮತ್ತೆ ನಾಲ್ಕೈದು ವರ್ಷಕ್ಕೊಮ್ಮೆ ಏಣಿ ಹತ್ತಬೇಕು. ನನ್ನ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: "ಏಣಿ ಹತ್ತೋದು ಯಾರು?" ಸೀಡರ್ ಕಥೆ ಅಲ್ಲಿಗೆ ಮುಗಿಯಿತು.

ಉಳಿದಿದ್ದು ಫೈಬರ್ ಸಿಮೆಂಟ್. ಸಿಮೆಂಟು, ಮರಳು, ಮರದ ನಾರು ಸೇರಿಸಿ ಮಾಡಿದ ಹಲಗೆ. ಇರುವೆ, ಹಕ್ಕಿ ತಿನ್ನುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ, ಬಣ್ಣ ಕಾರ್ಖಾನೆಯಲ್ಲೇ ಹಾಕಿ ಕೊಡುತ್ತಾರೆ. ಭಾರ ಮಾತ್ರ ಹೌದು. ಹನ್ನೆರಡು ಅಡಿಯ ಒಂದು ಹಲಗೆ ಒಂಬತ್ತು ಕಿಲೋ ಹತ್ತಿರ. ಚಪ್ಪಟೆಯಾಗಿ ಎತ್ತಿದರೆ ಹಪ್ಪಳದ ಹಾಗೆ ಮಧ್ಯಕ್ಕೆ ಲಟ್ ಅನ್ನುತ್ತದೆ, ಅಂಚು ಮೇಲೆ ಮಾಡಿ ಹೊರಬೇಕು. ಇದನ್ನು ಕಲಿಯಲು ನನಗೆ ಎರಡು ಹಲಗೆ ಬೇಕಾದವು. ಕೊಯ್ಯುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಪುಪ್ಪುಸಕ್ಕೆ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಸರಿಯಾದ ಮಾಸ್ಕ್ ಬೇಕು.

ಕೆಲಸಕ್ಕೆ ಸಿಕ್ಕಿದವನು ಟೆರೇಸ್ ಊರಿನ ಒಬ್ಬ ಬಡಗಿ. ಸ್ಕೀನಾ ನದಿ ಪಕ್ಕದ ಹೈವೇ 16ರಲ್ಲಿ ನೂರೈವತ್ತು ಕಿಲೋಮೀಟರ್ ಹತ್ತಿರ ದೂರ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ದಿನಕ್ಕಿಷ್ಟು ಅಂತ ಕೂಲಿ, ನಾನು ರಜೆ ಹಾಕಿ ಅವನ ಕೈಯಾಳು. ಬಿಚ್ಚುವ ಮೊದಲು ಹಳೇ ಸಾಮಾನಿನ ಚೂರು ಲ್ಯಾಬಿಗೆ ಕಳಿಸಿದೆವು. 1990ಕ್ಕೆ ಮೊದಲು ಕಟ್ಟಿದ ಮನೆ ಅಂದರೆ ಕಲ್ನಾರು (ಆಸ್ಬೆಸ್ಟಾಸ್, ಧೂಳು ಪುಪ್ಪುಸಕ್ಕೆ ಅಪಾಯ) ಇರಬಹುದು ಅನ್ನೋ ಭಯ ಇಲ್ಲಿ. ಇರಲಿಲ್ಲ.

ಗೋಡೆ ಬಿಚ್ಚಿದ ಮೇಲೆ ಕಳ್ಳ ಸಿಕ್ಕಿದ. ಕಿಟಕಿಯ ತಲೆಯ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ, ಫ್ಲ್ಯಾಶಿಂಗ್. ಮೇಲಿಂದ ಬರುವ ಕಾಗದ ಅದರ ಮೇಲೆ ಬೀಳಬೇಕು. 1986ರಲ್ಲಿ ಯಾರೋ ಕಾಗದವನ್ನು ತಗಡಿನ ಕೆಳಗೆ ತೂರಿಸಿದ್ದರು. ಬಡಗಿ ಆ ಮಡಿಕೆಯನ್ನು ಬೆರಳಲ್ಲಿ ಎತ್ತಿ ತೋರಿಸಿ ಸುಮ್ನೆ ನಿಂತ. ಹಂಚು ಹೊದೆಸುವವನು ಮೇಲಿನ ಹಂಚನ್ನು ಕೆಳಗಿನದರ ಅಡಿಗೆ ಸಿಕ್ಕಿಸಿದರೆ ಏನಾಗುತ್ತದೋ ಅದೇ. ಒಂದು ಇಂಚಿನ ತಪ್ಪು, ಗೋಡೆಗೆ ಇಳಿದ ಪ್ರತಿ ಹನಿಯನ್ನೂ ಮೂವತ್ತು ಚಿಲ್ಲರೆ ವರ್ಷ ಒಳಗೆ ಕರೆದಿದೆ.

ಕೊಳೆತದ್ದನ್ನು ಕತ್ತರಿಸಿದೆವು. ಎರಡು ಕಂಬ ಅರ್ಧಕ್ಕೆ ಹೋಗಿದ್ದವು, ಹೊಸದು ಜೋಡಿಸಿದೆವು. ಆಮೇಲೆ ಬಡಗಿ ಜೇಬಿಂದ ತೇವ ಅಳೆಯುವ ಮೀಟರ್ ತೆಗೆದು ಉಳಿದ ಮರಕ್ಕೆ ಚುಚ್ಚಿದ. ಶೇಕಡಾ 28. ಶೇಕಡಾ 19ಕ್ಕಿಂತ ಕೆಳಗೆ ಇಳಿಯದೆ ಮುಚ್ಚುವ ಹಾಗಿಲ್ಲ. ಗೋಡೆಗೆ ಟಾರ್ಪಾಲ್ ಇಳಿಬಿಟ್ಟು, ಒಳಗೆ ಫ್ಯಾನು ಮತ್ತು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟು ಕಾದೆವು. ಆಷಾಢದಲ್ಲಿ ಬಚ್ಚಲ ಒಲೆ ಮೇಲೆ ಸಾಟಿ ಪಂಜಿ ಒಣಗಿಸಿದ ಹಾಗೆ. ಒಂಬತ್ತನೇ ದಿನ 17 ಬಂತು. ಆ ಒಂಬತ್ತು ದಿನ ನನಗೆ ಜೀವ ಹೋಯಿತು, ಅವನು ಮಾತ್ರ ಊರಿಗೆ ಹೋಗಿ ಮೀನು ಹಿಡಿದುಕೊಂಡು ಬಂದ.

ಆಮೇಲಿನ ಕೆಲಸ ನೋಡಲು ಚಂದ. ಹೊಸ ಹಲಗೆ ಮೇಲೆ ಹೌಸ್‌ರ್‍ಯಾಪ್, ಆವಿ ಹೊರಗೆ ಬಿಟ್ಟು ನೀರು ತಡೆಯುವ ಬಟ್ಟೆಯಂಥ ಹಾಳೆ. ಕೆಳಗಿನ ಸುತ್ತು ಮೊದಲು, ಮೇಲಿನದು ಅದರ ಮೇಲೆ. ಕಿಟಕಿ ಕೂರುವ ಗೂಡಿನ ಕೆಳಗಿನ ಅಂಚಿಗೆ ಹೊರಕ್ಕೆ ಇಳಿಜಾರು ಕೊಟ್ಟು ಅಂಟುಪಟ್ಟಿ, ಆಮೇಲೆ ಎರಡು ಬದಿ, ಕೊನೆಗೆ ತಲೆ. ಕಿಟಕಿ ಕೂರಿಸಿದ ಮೇಲೆ ಅದರ ಚೌಕಟ್ಟಿನ ಕೆಳಗಿನ ಅಂಚನ್ನು ಮಾತ್ರ ಅವನು ಅಂಟು ಹಾಕಿ ಮುಚ್ಚಲಿಲ್ಲ. ನಾನು ಸೀಲಂಟ್ ಗನ್ ಹಿಡಿದು ಮುಂದೆ ಹೋದರೆ ಕೈ ಹಿಡಿದ. ಒಳಗೆ ಹೋದ ನೀರಿಗೆ ಬಾಗಿಲು ಬೇಡವಾ ಅಂದ. ಇಡೀ ತಿಂಗಳಲ್ಲಿ ಅವನಾಡಿದ ಉದ್ದದ ಮಾತು ಅದೇ ಇರಬೇಕು.

ಅದರ ಮೇಲೆ ಪ್ರತಿ ಕಂಬದ ನೇರಕ್ಕೆ ಲಂಬವಾಗಿ ರೀಪು. ಇಲ್ಲಿ ಸ್ಟ್ರಾಪಿಂಗ್ ಅಂತಾರೆ, ಕೊಳೆಯದಂತೆ ಔಷಧಿ ಕುಡಿಸಿದ ಮರ. ಆ ಔಷಧಿಯಲ್ಲಿ ತಾಮ್ರ ಇರುವುದರಿಂದ ಸಾದಾ ಮೊಳೆ ಬೇಗ ತುಕ್ಕು ಹಿಡಿಯುತ್ತದೆ, ಮೇಲೆ ಉಪ್ಪುಗಾಳಿ ಬೇರೆ, ಹಾಗಾಗಿ ಎಲ್ಲ ಸ್ಟೇನ್‌ಲೆಸ್. ದುಬಾರಿ, ಆದರೆ ಇಲ್ಲಿ ಜಿಪುಣತನ ಮಾಡಬೇಡಿ. ಸಂದಿನ ಕೆಳಬಾಯಿಗೆ ತೂತಿನ ಜಾಲರಿ, ಇರುವೆ ಇಲಿ ಸಂಸಾರ ಹೂಡದಿರಲಿ ಅಂತ.

ಹಲಗೆ ಕೂರಿಸುವುದು ಕೆಳಗಿಂದ. ಒಂದರ ಮೇಲೊಂದು ಒಂದೂಕಾಲು ಇಂಚು ಹತ್ತಬೇಕು, ಮೊಳೆ ಮೇಲಿನ ಹಲಗೆಯಡಿ ಮುಚ್ಚಿಹೋಗಬೇಕು. ನೆಲದಿಂದ ಆರಿಂಚು ಬಿಡಬೇಕು. ಕೊಯ್ದ ಪ್ರತಿ ಅಂಚಿಗೂ ಅಲ್ಲೇ ಬಣ್ಣ ಹಚ್ಚಬೇಕು, ಇಲ್ಲದಿದ್ದರೆ ಅದು ಬತ್ತಿ ಥರ ನೀರು ಹೀರುತ್ತದೆ. ಸಣ್ಣ ಡಬ್ಬಿ, ಸಣ್ಣ ಬ್ರಷ್, ಅದು ಪೂರ್ತಿ ನನ್ನ ಖಾತೆ. ಹಲಗೆ ರಾಶಿಯನ್ನು ಒಣಗಿಟ್ಟುಕೊಳ್ಳುವುದೇ ದೊಡ್ಡ ತಲೆನೋವು. ಒದ್ದೆ ಇದ್ದಾಗ ಹೊಡೆದರೆ ಆಮೇಲೆ ಒಣಗಿ ಕುಗ್ಗಿ ಜೋಡಣೆ ಬಾಯಿ ಬಿಡುತ್ತದೆ. ಒಂದು ಮಧ್ಯಾಹ್ನ ಊಟಕ್ಕೆ ಹೋದಾಗ ಟಾರ್ಪಾಲ್ ಹಾರಿ ಎಂಟು ಹಲಗೆ ನೆಂದವು. ಗ್ಯಾರೇಜಿನಲ್ಲಿ ಸಾಲಾಗಿ ನಿಲ್ಲಿಸಿ ಒಣಗಿಸಿದೆವು. ಕಾರು ಒಂದು ವಾರ ಮಳೆಯಲ್ಲಿ ನಿಂತಿತ್ತು.

ಖರ್ಚು ಕೇಳಬೇಡಿ. ಊರಲ್ಲಿ ಹಂಚಿನ ಮನೆಗೆ ಮಾಡು ತೆಗೆದು ಹೊಸದು ಹಾಕಿಸಬಹುದಿತ್ತು. ಅದಕ್ಕೇ ಈ ವರ್ಷ ಆಗ್ನೇಯ ಗೋಡೆ, ಅದಕ್ಕೆ ತಾಗಿದ ಒಂದು ಗೋಡೆ, ಅಷ್ಟೇ. ಉಳಿದೆರಡಕ್ಕೆ ಹಳೇ ವಿನೈಲೇ ಇದೆ. ಆ ಬದಿಗೆ ಸೂರು ಎರಡಡಿ ಮುಂದೆ ಬಂದಿದೆ, ಒಳಗೆ ತೆಗೆದು ನೋಡಿದರೆ ಹಲಗೆ ಖಣಖಣ ಅನ್ನುತ್ತದೆ. ಮನೆ ಕೊಳ್ಳುವವರು ಅಡುಗೆಮನೆ ಗ್ರಾನೈಟ್ ನೋಡುವ ಮೊದಲು ಹೊರಗೆ ನಿಂತು ಸೂರು ಎಷ್ಟಿದೆ ನೋಡಿ. ನಾವು ಗ್ರಾನೈಟ್ ನೋಡಿದ್ದೆವು.

ಅಕ್ಟೋಬರ್‌ನಲ್ಲಿ ಮೊದಲ ದೊಡ್ಡ ಬಿರುಗಾಳಿ ಬಂತು. ರಾತ್ರಿ ಹನ್ನೊಂದಕ್ಕೆ ರೇನ್‌ಕೋಟ್ ಹಾಕಿ, ಟಾರ್ಚ್ ಹಿಡಿದು ಹೊರಗೆ ಹೋದೆ. ಹುಲ್ಲಿನ ಮೇಲೆ ಅಂಗಾತ ಮಲಗಿ, ಕೆಳಗಿನ ಹಲಗೆಯ ಅಡಿಗೆ ಬೆಳಕು ಬಿಟ್ಟೆ. ಜಾಲರಿಯ ತೂತಿಂದ, ಕಿಟಕಿಯ ನೇರಕ್ಕೆ, ಹನಿ ಬೀಳುತ್ತಿತ್ತು. ಒಂದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನೀರು ಒಳಗೆ ಹೋಗಿತ್ತು, ದಾರಿ ಹುಡುಕಿಕೊಂಡು ಹೊರಗೂ ಬರುತ್ತಿತ್ತು. ಅದನ್ನು ನೋಡುತ್ತಾ ಎಷ್ಟು ಹೊತ್ತು ಮಲಗಿದ್ದೆನೋ, ಮೇಲೆ ಕಿಟಕಿ ತೆರೆದ ಸದ್ದಾಯಿತು. "ಪಕ್ಕದ ಮನೆಯವರು ಪೊಲೀಸಿಗೆ ಫೋನ್ ಮಾಡೋ ಮೊದಲು ಒಳಗೆ ಬನ್ರೀ" ಅಂದಳು ಹೆಂಡತಿ.