ಅರ್ಧ ಕೆಟ್ಟ ಚಿಪ್ ಕಲಿಸಿದ್ದು

ಹಳೇ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಇಂಗ್ಲೆಂಡಿನಲ್ಲಿ ಹಲವು ವರ್ಷ ಇದ್ದು ಬಂದವರೊಬ್ಬರು ತಮ್ಮ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದುಕೊಟ್ಟರು. 48ಕೆ ಮಾದರಿ, ಅಂದರೆ 48 ಕಿಲೋಬೈಟ್ ಮೆಮೊರಿಯದ್ದು. ಆನ್ ಆಗುತ್ತಿತ್ತು, ಆದರೆ ದೊಡ್ಡ ಆಟಗಳು ಓಡುತ್ತಿರಲಿಲ್ಲ.

ಈ ಯಂತ್ರ ಆನ್ ಆದ ತಕ್ಷಣ ತನ್ನ ಮೆಮೊರಿಯನ್ನು ತಾನೇ ಎಣಿಸಿ, ಕೆಟ್ಟ ಜಾಗ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಕೊನೆಯ ವಿಳಾಸವನ್ನು 23732 ಮತ್ತು 23733ನೇ ಜಾಗಗಳಲ್ಲಿ ಬರೆದಿಡುತ್ತದೆ. ಅಲ್ಲಿ 65535 ಇರಬೇಕಿತ್ತು. 32767 ಇತ್ತು. ಮೇಲಿನ 32ಕೆ ಅದಕ್ಕೆ ಕಾಣುತ್ತಲೇ ಇರಲಿಲ್ಲ.

ಆ ಭಾಗದ ಎಂಟು ಚಿಪ್‌ಗಳಲ್ಲಿ ಒಂದು ತುಂಬಾ ಬಿಸಿಯಾಗುತ್ತಿತ್ತು. ಕಿತ್ತು, ಗುಜರಿ ಬೋರ್ಡಿನಿಂದ ಅಂಥದ್ದೇ 4532 ಚಿಪ್ ತೆಗೆದು ಹಾಕಿದೆ. ಈ ಸಲ 32767 ಅಲ್ಲ, 65535 ಕೂಡ ಅಲ್ಲ, ನಡುವಿನ ಯಾವುದೋ ಸಂಖ್ಯೆ! ಇದೂ ಕೆಟ್ಟಿದೆ ಅಂದುಕೊಂಡು ಅದೇ ಬೋರ್ಡಿನ ಇನ್ನೊಂದು ಹಾಕಿದೆ. ಎರಡು ದಿನ ಹೀಗೇ ಹೋಯಿತು. ಪದೇ ಪದೇ ಬಿಸಿ ತಾಗಿ ಬೋರ್ಡಿನ ಒಂದು ತಾಮ್ರದ ಗೆರೆ ಎದ್ದುಬಂತು. ಅದು ನನ್ನದೇ ತಪ್ಪು.

ಕಾರಣ ಸಿಕ್ಕಿದ್ದು ಆ ಯಂತ್ರದ ಬೆಲೆಯಲ್ಲಿ. 1982ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ಸಿಂಕ್ಲೇರ್ ಕಂಪನಿ ಇದನ್ನು ತಂದಾಗ 16ಕೆ ಮಾದರಿಗೆ 125 ಪೌಂಡ್, 48ಕೆಗೆ 175. ಬಿಬಿಸಿ ಮೈಕ್ರೋ ಎಂಬ ಇನ್ನೊಂದು ಬ್ರಿಟಿಷ್ ಕಂಪ್ಯೂಟರಿನ ಬಿ ಮಾದರಿಗೆ 399 ಪೌಂಡ್ ಇದ್ದ ಕಾಲ. ಪರದೆಗೆ ಮನೆಯ ಟಿವಿ, ಸಂಗ್ರಹಕ್ಕೆ ಕ್ಯಾಸೆಟ್, ಕೀಲಿಗಳಿಗೆ ಒಂದೇ ರಬ್ಬರ್ ಹಾಳೆ. ಹತ್ತಾರು ಚಿಪ್‌ಗಳು ಮಾಡಬೇಕಾದ ಕೆಲಸಕ್ಕೆ ಫೆರಾಂಟಿ ಕಂಪನಿಯ ಒಂದೇ ಚಿಪ್. ಇದೆಲ್ಲ ನನಗೆ ಗೊತ್ತಿತ್ತು. ಮೆಮೊರಿಯ ವಿಷಯ ಮಾತ್ರ ಮರೆತಿದ್ದೆ. 4532 ಅಂದರೆ 64 ಕಿಲೋಬಿಟ್‌ನ ಚಿಪ್, ಅದರಲ್ಲಿ ಅರ್ಧ ತಯಾರಾಗುವಾಗಲೇ ಕೆಟ್ಟಿರುತ್ತದೆ. ಬಿಸಾಡುವ ಬದಲು ಅಗ್ಗಕ್ಕೆ ಮಾರಿದ್ದು. ಒಳ್ಳೆಯ ಅರ್ಧ ಯಾವುದು ಅಂತ ಬೋರ್ಡಿಗೆ ಹೇಳಲು ಒಂದು ಜಂಪರ್, ಅಂದರೆ ಜೋಡಣೆಯ ಪುಟ್ಟ ತಂತಿ, ಇದೆ. ಎಂಟೂ ಚಿಪ್‌ಗಳಲ್ಲಿ ಅದೇ ಅರ್ಧ ಚೆನ್ನಾಗಿರಬೇಕು.

ಭೂತಗನ್ನಡಿ ಹಿಡಿದು ನೋಡಿದೆ. ಮೂಲ ಚಿಪ್‌ಗಳ ನಂಬರ್ 3ರಲ್ಲಿ ಮುಗಿಯುತ್ತಿತ್ತು, ನಾನು ಹಾಕಿದವು 4ರಲ್ಲಿ. ಒಳ್ಳೆಯ ಅರ್ಧ ಯಾವುದು ಅಂತ ಹೇಳುವುದು ಆ ಕೊನೆಯ ಅಂಕಿಯೇ. ಅವು ಹಾಳಾಗಿರಲಿಲ್ಲ, ನಾನೇ ಅವುಗಳ ಕೆಟ್ಟ ಅರ್ಧವನ್ನು ಕೆಲಸಕ್ಕೆ ಹಚ್ಚಿದ್ದೆ. ನಡುವಿನ ಆ ಸಂಖ್ಯೆ ಅದನ್ನೇ ಹೇಳುತ್ತಿತ್ತು ಅಲ್ವಾ?

ಎರಡೂ ಅರ್ಧ ಚೆನ್ನಾಗಿರುವ 4164 ಒಂದನ್ನು ಸಾಕೆಟ್‌ನಲ್ಲಿ ಕೂರಿಸಿದೆ. ಎದ್ದ ಗೆರೆಗೆ ತೆಳು ತಂತಿ ಎಳೆದೆ. 65535 ಬಂತು. ತಂತಿಯ ವಿಷಯ, ಏಳು ಅರ್ಧ ಚಿಪ್ ಜೊತೆಗೆ ಒಂದು ಪೂರ್ತಿ ಚಿಪ್ ಇರುವ ವಿಷಯ, ಎರಡನ್ನೂ ಚೀಟಿಯಲ್ಲಿ ಬರೆದು ಡಬ್ಬಿಯೊಳಗೇ ಅಂಟಿಸಿದ್ದೇನೆ. ಮುಂದೆ ಬಿಚ್ಚುವವರಿಗೆ ಸಿಗಲಿ ಅಂತ.